ಕೊರಿಯಾದ ಕುಟುಂಬ: ‘ನಾವು’ ಎಂಬ ಮಾತಿನ ಯಜಮಾನ ಯಾರು?

ಕೊರಿಯಾದ ಕುಟುಂಬವನ್ನು ಕೊಂಡಾಡುವ ಹೊಸದೊಂದು ಭಜನಾ ಮಂಡಲಿ ನಮ್ಮಲ್ಲಿ ಹುಟ್ಟಿಕೊಂಡಿದೆ. ಅಲ್ಲಿಯ ಧಾರಾವಾಹಿಗಳನ್ನು ನೋಡಿ ಕಣ್ಣೊರಸಿಕೊಂಡವರು ಕೆಲವರು. ಅಲ್ಲಿಯ ಕಾರ್ಖಾನೆಗಳ ಏಳಿಗೆಯನ್ನು ಕಂಡು ಬಾಯಲ್ಲಿ ನೀರೂರಿಸಿಕೊಂಡವರು ಇನ್ನು ಕೆಲವರು. ಇವರೆಲ್ಲರ ಪಲ್ಲವಿ ಒಂದೇ. ಕೊರಿಯಾದ ಮನುಷ್ಯ ‘ನಾನು’ ಎನ್ನುವುದಿಲ್ಲವಂತೆ, ‘ನಾವು’ ಎನ್ನುತ್ತಾನಂತೆ. ತಂದೆತಾಯಿಗಳಲ್ಲಿ, ಅಣ್ಣತಮ್ಮಂದಿರಲ್ಲಿ, ಪಿತೃಗಳಲ್ಲಿ ತನ್ನನ್ನು ಕರಗಿಸಿಕೊಂಡಿದ್ದಾನಂತೆ. ಆದುದರಿಂದಲೇ ಆ ದೇಶ ಮುಂದೆ ಬಂದಿತಂತೆ. ನಾವೂ ಹಳೆಯ ಮನೆತನದ ಕಟ್ಟನ್ನು ಬಿಗಿಮಾಡಿಕೊಂಡರೆ ಉದ್ಧಾರವಾದೇವು ಎಂಬುದು ಇದರ ಮಂಗಳಾರತಿ. ರಾಗವೇನೂ ಹೊಸದಲ್ಲ. ಪೂರ್ವದೇಶಗಳಲ್ಲಿ ವ್ಯಕ್ತಿ ಕುಟುಂಬದೊಳಗೆ ಮಾತ್ರ ಇರುತ್ತಾನೆಂದು ಸಿಂಗಪುರದ ಲೀ ಕ್ವಾನ್ ಯೂ ಅವರು 1994 ರಲ್ಲಿ ಅಮೆರಿಕದ ‘ಫಾರಿನ್ ಅಫೇರ್ಸ್’ ಪತ್ರಿಕೆಯಲ್ಲಿ ಉಪದೇಶಮಾಡಿದ್ದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಅವರಿಗೆ ಎದುರು ನಿಂತು ಉತ್ತರ ಕೊಟ್ಟವರು ಕೊರಿಯಾದವರೇ ಆದ ಕಿಮ್ ದೇ-ಜುಂಗ್. ಸೈನಿಕ ಆಡಳಿತ 1980 ರಲ್ಲಿ ವಿಧಿಸಿದ ಮರಣದಂಡನೆಯಿಂದ ಪಾರಾಗಿ 1998 ರಲ್ಲಿ ರಾಷ್ಟ್ರಾಧ್ಯಕ್ಷರಾದವರು. ನಮ್ಮ ಭಜನೆಯವರು ಲೀ ಅವರ ಮಾತನ್ನು ಬಾಯಿಪಾಠ ಮಾಡಿದ್ದಾರೆ, ಕಿಮ್ ಅವರ ಉತ್ತರವನ್ನು ಮಾತ್ರ ಓದಿದಂತೆ ಕಾಣುವುದಿಲ್ಲ.

ಹೊಗಳಿಕೆಯಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೊರಿಯಾ ಭಾಷೆಯಲ್ಲಿ ‘ನಾವು, ನಮ್ಮ’ ಎಂಬುದಕ್ಕೆ ‘ಉರಿ’ ಎನ್ನುತ್ತಾರೆ. (ಕನ್ನಡದ ಕಿವಿಗೆ ಅದು ಬೆಂಕಿಯಂತೆ ಕೇಳಿಸುತ್ತದೆ, ಅಲ್ಲಿಯ ಸೊಸೆಯಂದಿರ ಪಾಡನ್ನು ತಿಳಿದರೆ ಕಿವಿಯದೇನೂ ತಪ್ಪಿಲ್ಲವೆನಿಸೀತು.) ಒಬ್ಬನೇ ಮಗನಾದವನೂ ‘ನಮ್ಮ ಅಮ್ಮ’ ಎಂದೇ ಹೇಳುತ್ತಾನೆ. ಹೆಂಡತಿ ‘ನಮ್ಮ ಗಂಡ’ ಎನ್ನುತ್ತಾಳೆ. ‘ನಮ್ಮ ಯಜಮಾನರು’ ಎನ್ನುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅಲ್ಲಿ ಈ ಪದ್ಧತಿ ನಮ್ಮಲ್ಲಿಗಿಂತ ಆಳಕ್ಕೆ ಇಳಿದಿದೆ. ಅಣ್ಣನನ್ನು ಗಂಡಸು ‘ಹ್ಯೊಂಗ್’ ಎನ್ನಬೇಕು, ಹೆಂಗಸು ‘ಒಪ್ಪಾ’ ಎನ್ನಬೇಕು. ಅಕ್ಕನನ್ನು ಗಂಡಸು ‘ನೂನಾ’ ಎನ್ನಬೇಕು, ಹೆಂಗಸು ‘ಒನ್ನಿ’ ಎನ್ನಬೇಕು. ಒಂದು ಶಬ್ದ ಬಾಯಿಂದ ಹೊರಟಿತೆಂದರೆ ಹೇಳಿದವರು ಗಂಡೋ ಹೆಣ್ಣೋ, ದೊಡ್ಡವರೋ ಚಿಕ್ಕವರೋ ಎಲ್ಲ ಬಯಲಾಗುತ್ತದೆ. ರಕ್ತಸಂಬಂಧವಿಲ್ಲದ ಕಡೆಯಲ್ಲಿಯೂ, ಶಾಲೆಯಲ್ಲಿ, ಪಟಾಲಮಿನಲ್ಲಿ, ಅಂಗಡಿ ಬೀದಿಯಲ್ಲಿ, ಇದೇ ಪದಗಳು. ಇಬ್ಬರು ಅಪರಿಚಿತರು ಕೂಡಿದರೆ ಮೊದಲು ವಯಸ್ಸು ವಿಚಾರಿಸಿಕೊಳ್ಳಬೇಕು. ಇಲ್ಲವಾದರೆ ಕ್ರಿಯಾಪದಕ್ಕೆ ಯಾವ ಬಾಲ ಅಂಟಿಸಬೇಕೆಂಬುದೇ ತಿಳಿಯದು. ಹೀಗೆ ಬೆಳೆದ ಮಗು ತಾನು ಯಾರೆಂಬುದನ್ನು ತನ್ನೊಳಗೆ ಹುಡುಕುವುದಿಲ್ಲ. ತಾನು ಯಾರಿಗೆ ಏನಾಗಬೇಕು ಎಂಬುದರಲ್ಲಿ ಹುಡುಕುತ್ತದೆ.

ಇದರಲ್ಲಿ ಬಿಸುಪಿದೆ. 1983 ರ ಜೂನ್ 30 ರಂದು ದಕ್ಷಿಣ ಕೊರಿಯಾದ ಸರ್ಕಾರಿ ದೂರದರ್ಶನ, ಯುದ್ಧದಲ್ಲಿ ಬೇರ್ಪಟ್ಟ ಬಂಧುಗಳನ್ನು ಹುಡುಕುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಒಂದು ರಾತ್ರಿಗೆಂದು ಯೋಚಿಸಿದ್ದು ನವೆಂಬರಿನವರೆಗೆ 138 ದಿನ, ಒಟ್ಟು 453 ಗಂಟೆ ನಡೆಯಿತು. ಅಪ್ಪನ ಹೆಸರು, ಊರಿನ ಹೆಸರು, ಮೈಮೇಲಿನ ಗಾಯದ ಗುರುತು ಬರೆದ ಹಲಗೆಗಳನ್ನು ಎದೆಗೆ ಹಿಡಿದು 53 ಸಾವಿರಕ್ಕೂ ಹೆಚ್ಚು ಜನ ಬಂದು ನಿಂತರು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕೂಡಿದವು. ಮೂವತ್ತು ವರ್ಷ ತನ್ನ ನಿಜವಾದ ಹೆಸರೇ ತಿಳಿಯದೆ ಬದುಕಿದವರು ಅದರಲ್ಲಿದ್ದರು. ಇದನ್ನು ಕಂಡು ನಗುವವನು ಮನುಷ್ಯನಲ್ಲ. ನಮ್ಮ ಜಗಳ ಈ ಪ್ರೀತಿಯ ಮೇಲಲ್ಲ. ಈ ಪ್ರೀತಿಯನ್ನು ಅಡವಿಟ್ಟುಕೊಂಡು ತಲೆಮಾರುಗಳ ಕಾಲ ಬಡ್ಡಿ ತಿಂದವರ ಮೇಲೆ.

‘ನಾವು’ ಎಂಬ ಆ ಚಾವಡಿಯಲ್ಲಿ ಯಾರು ಎಲ್ಲಿ ಕುಳಿತಿದ್ದಾರೆ, ಯಾರು ನಿಂತಿದ್ದಾರೆ ನೋಡೋಣ. ಸೊಸೆಯಾಗಿ ಬಂದವಳು ಗಂಡನ ಮದುವೆಯಾಗದ ತಮ್ಮನನ್ನು ‘ದೊರ್ಯನ್‌ನಿಮ್’ ಎಂದೂ ಅವನ ತಂಗಿಯನ್ನು ‘ಅಗಸ್ಸಿ’ ಎಂದೂ ಕರೆಯಬೇಕು. ಇವು ಹಿಂದಿನ ಕಾಲದಲ್ಲಿ ಮನೆಯ ಆಳುಗಳು ಧಣಿಯ ಮಕ್ಕಳನ್ನು ಕರೆಯುತ್ತಿದ್ದ ಮಾತುಗಳು: ಚಿಕ್ಕ ಧಣಿ, ಅಮ್ಮಣ್ಣಿ. ಗಂಡನಾದವನು ಹೆಂಡತಿಯ ತಮ್ಮನನ್ನು ಕರೆಯುವ ಮಾತಿನಲ್ಲಿ ‘ಗಳು’ ಇಲ್ಲ, ‘ಅವರು’ ಇಲ್ಲ. 2018-19 ರಲ್ಲಿ ಅಲ್ಲಿಯ ಸರ್ಕಾರವೇ ಈ ಪದಗಳನ್ನು ತಿದ್ದುವ ಯೋಚನೆಗೆ ಕೈಹಾಕಬೇಕಾಯಿತು. ಮಗುವಾದ ಮೇಲೆ ಅವಳು ‘ಇಂಥವನ ತಾಯಿ’. ಅವಳ ಹೆಸರನ್ನು ನೆರೆಹೊರೆಯವರು ಮರೆತೇಬಿಡುತ್ತಾರೆ. ಮನೆತನದ ವಂಶಾವಳಿ ಗ್ರಂಥಗಳಲ್ಲಿ ಸೊಸೆಯ ಹೆಸರು ಬರೆಯುತ್ತಿರಲಿಲ್ಲ, ಅವಳ ತಂದೆಯ ಕುಲವನ್ನು ಮಾತ್ರ ಬರೆಯುತ್ತಿದ್ದರು. ಮಗಳ ಜಾಗದಲ್ಲಿ ಅಳಿಯನ ಹೆಸರು ಬರೆಯುತ್ತಿದ್ದರು. ಹುಟ್ಟಿದ ಮನೆಯಲ್ಲೂ ಹೆಸರಿಲ್ಲ, ಸೇರಿದ ಮನೆಯಲ್ಲೂ ಹೆಸರಿಲ್ಲ! ಮದುವೆಯಾದರೂ ಅಲ್ಲಿಯ ಹೆಂಗಸು ತಂದೆಯ ಕುಲನಾಮವನ್ನೇ ಇಟ್ಟುಕೊಳ್ಳುತ್ತಾಳೆ, ಎಂಥ ಗೌರವ ನೋಡಿ ಎನ್ನುವವರಿದ್ದಾರೆ. ಗಂಡನ ಕುಲಕ್ಕೆ ಅವಳು ಸಾಯುವವರೆಗೂ ಹೊರಗಿನವಳು ಎಂಬುದರ ಗುರುತು ಅದು.

ಇದೆಲ್ಲ ಅನಾದಿಕಾಲದಿಂದ ಬಂದದ್ದು, ಮುಟ್ಟಬಾರದು ಎಂಬ ವಾದ ಶುದ್ಧ ಸುಳ್ಳು. ಇಂದು ಉಳಿದಿರುವ ಅತ್ಯಂತ ಹಳೆಯ ವಂಶಾವಳಿ ಆಂದೊಂಗಿನ ಕ್ವಾನ್ ಮನೆತನದ್ದು, 1476 ರದು. ಅದರಲ್ಲಿ ಗಂಡು ಹೆಣ್ಣು ಮಕ್ಕಳನ್ನು ಹುಟ್ಟಿದ ಕ್ರಮದಲ್ಲಿಯೇ ಬರೆದಿದೆ. ಹೆಣ್ಣುಮಕ್ಕಳ ಸಂತತಿಯನ್ನೂ ಬಿಡದೆ ಬರೆದಿದೆ. ಹೆಂಗಸಿನ ಎರಡನೆಯ ಗಂಡನನ್ನೂ ಸಂಕೋಚವಿಲ್ಲದೆ ಬರೆದಿದೆ. 1485 ರ ರಾಜ್ಯಸಂಹಿತೆ ಧರ್ಮಪತ್ನಿಯ ಮಕ್ಕಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಪಾಲು ಹೇಳಿತ್ತು. ಆದರ್ಶ ಮಾತೆಯೆಂದು ಐವತ್ತು ಸಾವಿರ ವನ್ ನೋಟಿನ ಮೇಲೆ 2009 ರಲ್ಲಿ ಚಿತ್ರ ಅಚ್ಚಾದ ಶಿನ್ ಸೈಮ್‌ದಾಂಗ್ (1504–1551) ಮದುವೆಯಾದ ಮೇಲೆ ಬಹುಕಾಲ ಗಂಗ್‌ನಂಗಿನ ತನ್ನ ತವರಿನಲ್ಲಿಯೇ ಇದ್ದವಳು. ಅವಳ ಮಗ, ಮಹಾಪಂಡಿತ ಯೂಲ್‌ಗೊಕ್, ಹುಟ್ಟಿದ್ದು ತಾಯಿಯ ತವರುಮನೆಯಲ್ಲಿ. 1566 ರಲ್ಲಿ ಅವನೂ ಅವನ ಅಕ್ಕತಂಗಿ ಅಣ್ಣತಮ್ಮಂದಿರೂ ಸೇರಿ ಏಳು ಮಂದಿ ಆಸ್ತಿ ಪಾಲುಮಾಡಿಕೊಂಡ ಪತ್ರ ಇಂದಿಗೂ ಭದ್ರವಾಗಿದೆ, ಹೆಣ್ಣುಮಕ್ಕಳಿಗೂ ಪಾಲಿದೆ. ಇಂದಿನ ಸೊಸೆಯರಿಗೆ ಸೈಮ್‌ದಾಂಗಳನ್ನು ತೋರಿಸಿ ಬುದ್ಧಿ ಹೇಳುವ ಹಿರಿಯರು ಅವಳು ಎಲ್ಲಿ ವಾಸವಾಗಿದ್ದಳೆಂಬುದನ್ನು ಹೇಳುವುದಿಲ್ಲ.

ಅದೇ ಪತ್ರದಲ್ಲಿ ಹೊಲಗದ್ದೆಗಳ ಜೊತೆಗೆ ಊಳಿಗದ ಆಳುಗಳನ್ನೂ ಹಂಚಿದೆ. ಇದನ್ನೂ ಮರೆಯಬಾರದು. ಆ ಸಮಪಾಲು ಧಣಿಯ ಮಗಳಿಗೆ ದಕ್ಕಿದ್ದೇ ಹೊರತು ಆಳಿನ ಮಗಳಿಗಲ್ಲ. ‘ನೋಬಿ’ ಎಂಬ ಹೆಸರಿನ ಈ ಜೀತದಾಳುಗಳು ಕೆಲವು ಕಾಲದಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗದಷ್ಟಿದ್ದರೆಂದು ಇತಿಹಾಸಕಾರರ ಅಂದಾಜು. ಅವರಿಗೆ ಕುಲನಾಮವಿಲ್ಲ, ವಂಶಾವಳಿಯಿಲ್ಲ. ಅವರ ಮಕ್ಕಳು ಯಾರ ಮಕ್ಕಳೆಂಬುದಕ್ಕಿಂತ ಯಾರ ಸ್ವತ್ತು ಎಂಬುದೇ ಮುಖ್ಯ. 17ನೆಯ ಶತಮಾನದ ಹೊತ್ತಿಗೆ ಹಂಚಿ ಹಂಚಿ ಧಣಿಗಳ ಹೊಲ ಚೂರಾಗತೊಡಗಿತು; ಅದೇ ವೇಳೆಗೆ ಕನ್‌ಫ್ಯೂಷಿಯಸ್ ಪಂಥದ ಪಿತೃವಿಧಿ ಬಿಗಿಯಾಯಿತು. ಹಿರಿಯ ಮಗನೇ ಪಿತೃಕಾರ್ಯ ಮಾಡುವವನು, ಆದುದರಿಂದ ಅವನಿಗೇ ದೊಡ್ಡ ಪಾಲು, ಹೆಣ್ಣುಮಕ್ಕಳಿಗೆ ಏನೂ ಇಲ್ಲ ಎಂದಾಯಿತು. ಶಾಸ್ತ್ರ ಎಲ್ಲಿ ಮುಗಿಯಿತು, ಹೊಲದ ಲೆಕ್ಕ ಎಲ್ಲಿ ಮೊದಲಾಯಿತು ಎಂದು ಯಾವ ಪಂಡಿತ ಬೇರ್ಪಡಿಸಿ ತೋರಿಸುತ್ತಾನೆ? ಕೊನೆಗೆ ವಂಶಾವಳಿಗೂ ಒಂದು ಮಾರುಕಟ್ಟೆ ಹುಟ್ಟಿತು. ಕೈಯಲ್ಲಿ ಕಾಸಿದ್ದವರು ದೊಡ್ಡ ಮನೆತನದ ಗ್ರಂಥದಲ್ಲಿ ತಮ್ಮ ಹೆಸರನ್ನು ಸೇರಿಸಿಕೊಂಡರು. 1894 ರಲ್ಲಿ ಜೀತ ಮತ್ತು ಕುಲಭೇದ ಕಾನೂನಿನಿಂದ ಹೋಯಿತು. 1909 ರ ದಾಖಲಾತಿಯಲ್ಲಿ ಕುಲನಾಮವಿಲ್ಲದವರೂ ಒಂದೊಂದು ಕುಲನಾಮ ಹಚ್ಚಿಕೊಂಡರು. 2015 ರ ಜನಗಣತಿಯಲ್ಲಿ ಕಿಮ್, ಲೀ, ಪಾರ್ಕ್ ಎಂಬ ಮೂರೇ ಕುಲನಾಮದವರು ನೂರಕ್ಕೆ ಸುಮಾರು 45. ಎಲ್ಲರೂ ರಾಜರ, ಮಂತ್ರಿಗಳ ಸಂತತಿ! ಆ ಜೀತದಾಳುಗಳ ಸಂತತಿ ಎಲ್ಲಿ ಮಾಯವಾಯಿತೋ ಭಜನೆಯವರೇ ಹೇಳಬೇಕು.

ಈಗ ‘ಹೋಜು’ ಪದ್ಧತಿಗೆ ಬರೋಣ. ಹೋಜು ಎಂದರೆ ಮನೆಯ ಯಜಮಾನ. ಪ್ರತಿಯೊಬ್ಬ ಪ್ರಜೆಯೂ ಯಾವನಾದರೊಬ್ಬ ಯಜಮಾನನ ಖಾತೆಯಲ್ಲಿ ನಮೂದಾಗಿರಬೇಕು. ಖಾತೆಯ ಹೊರಗೆ ಮನುಷ್ಯನೇ ಇಲ್ಲ. ಮಗಳು ತಂದೆಯ ಖಾತೆಯಲ್ಲಿ ಹುಟ್ಟಿ, ಗಂಡನ ಖಾತೆಗೆ ವರ್ಗವಾಗಿ, ಗಂಡ ಸತ್ತರೆ ಮಗನ ಖಾತೆಗೆ ಸೇರುತ್ತಿದ್ದಳು. ಯಜಮಾನ ತೀರಿಕೊಂಡರೆ ಮೂರು ವರ್ಷದ ಗಂಡುಮಗು ತನ್ನ ತಾಯಿಗೂ ಅಜ್ಜಿಗೂ ಯಜಮಾನ! ವಿಚ್ಛೇದನವಾದ ತಾಯಿಯೊಡನೆ ಅವಳ ಮಗು ವಾಸವಾಗಿದ್ದರೆ, ಆ ಮಗು ತಂದೆಯ ಖಾತೆಯಲ್ಲಿಯೇ ಉಳಿಯುತ್ತಿತ್ತು. ನಿವಾಸದ ದಾಖಲೆಯಲ್ಲಿ ತಾಯಿಯ ಹೆಸರಿನ ಕೆಳಗೆ ಅದನ್ನು ‘ಜೊತೆಯಲ್ಲಿ ವಾಸಿಸುವವರು’ ಎಂದು ಬರೆಯುತ್ತಿದ್ದರು. ಹೆತ್ತ ಕೂಸು ಬಾಡಿಗೆಗೆ ಇರುವವನ ಲೆಕ್ಕದಲ್ಲಿ.

ಇದನ್ನು ಪೂರ್ವಿಕರ ಸನಾತನ ಧರ್ಮವೆಂದು ಬಿಳಿಯ ನಿಲುವಂಗಿ, ಕರಿಯ ಟೋಪಿ ತೊಟ್ಟ ಕನ್‌ಫ್ಯೂಷಿಯಸ್ ಪಂಥದ ಹಿರಿಯರು ಬೀದಿಗಿಳಿದು ಕಾಪಾಡಿದರು. ಆದರೆ ಆ ಖಾತೆಯ ಪದ್ಧತಿಯನ್ನು ಆ ರೂಪದಲ್ಲಿ ತಂದು ಹೇರಿದವರು ಜಪಾನಿ ಆಕ್ರಮಣಕಾರರು. 1898 ರ ತಮ್ಮ ನಾಗರಿಕ ಸಂಹಿತೆಯ ಅಚ್ಚಿನಲ್ಲಿ ಕೊರಿಯಾದ ಮನೆಯನ್ನು ಎರಕ ಹೊಯ್ದವರು. 1940 ರಲ್ಲಿ ಅದೇ ಸರ್ಕಾರ ಕೊರಿಯಾದವರ ಹೆಸರುಗಳನ್ನೇ ಜಪಾನಿ ಮಾದರಿಗೆ ಬದಲಾಯಿಸಲು ಹೊರಟಾಗ, ಖಾತೆ ಬರೆಯುವವನ ಕೈಯಲ್ಲಿ ‘ನಾನು’ ಎಂಬುದು ಎಷ್ಟು ಸಡಿಲವೆಂದು ಎಲ್ಲರಿಗೂ ತಿಳಿಯಿತು. ಜಪಾನು ತನ್ನ ದೇಶದಲ್ಲಿ ಯಜಮಾನ ಪದ್ಧತಿಯನ್ನು 1947 ರಲ್ಲಿಯೇ ಕಿತ್ತೊಗೆಯಿತು. ಸ್ವತಂತ್ರ ದಕ್ಷಿಣ ಕೊರಿಯಾ ಅದನ್ನು 1958 ರಲ್ಲಿ ಅಂಗೀಕರಿಸಿ 1960 ರಿಂದ ಜಾರಿಗೆ ತಂದ ತನ್ನ ಸಂಹಿತೆಯಲ್ಲಿ ಇಟ್ಟುಕೊಂಡು, ಮತ್ತೆ ಸುಮಾರು ಐವತ್ತು ವರ್ಷ ಪೂಜೆಮಾಡಿತು. ಧಣಿ ಎಸೆದ ಹಳೆಯ ಕೋಟನ್ನು ಹಾಕಿಕೊಂಡು ಇದು ನಮ್ಮಜ್ಜನದೆಂದು ಬೀಗಿದಂತಾಯಿತು.

ಈ ಖಾತೆಯ ವಿರುದ್ಧ ಜೀವಮಾನವೆಲ್ಲ ಹೋರಾಡಿದವರು ಯಿ ತೇ-ಯಂಗ್. 1952 ರಲ್ಲಿ ನ್ಯಾಯಾಂಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆ ದೇಶದ ಮೊದಲನೆಯ ಮಹಿಳಾ ವಕೀಲರಾದವರು. ನ್ಯಾಯಾಧೀಶರ ಹುದ್ದೆ ಅವರಿಗೆ ಸಿಗಬೇಕಾಗಿತ್ತು. ಗಂಡ ವಿರೋಧಪಕ್ಷದ ರಾಜಕಾರಣಿಯೆಂಬ ಕಾರಣಕ್ಕೆ ಅಧ್ಯಕ್ಷ ಸಿಂಗ್‌ಮನ್ ರೀ ಒಪ್ಪಲಿಲ್ಲ. ಆಕೆ ಯಾರು ಎಂಬುದಲ್ಲ, ಆಕೆ ಯಾರ ಹೆಂಡತಿ ಎಂಬುದೇ ಅಲ್ಲಿಯೂ ತೀರ್ಮಾನ. 1956 ರಲ್ಲಿ ಆಕೆ ಬಡ ಹೆಂಗಸರಿಗೆ ಬಿಟ್ಟಿಯಾಗಿ ಕಾನೂನು ಸಲಹೆ ಕೊಡುವ ಕೇಂದ್ರ ತೆರೆದರು. 1977 ರಲ್ಲಿ ಸ್ವಲ್ಪ, 1989 ರಲ್ಲಿ ಇನ್ನಷ್ಟು ಕಾನೂನು ಸಡಿಲವಾಯಿತು. 1998 ರಲ್ಲಿ ಆಕೆ ತೀರಿಕೊಂಡಾಗಲೂ ಹೋಜು ಉಳಿದೇ ಇದ್ದ. 2005 ರ ಫೆಬ್ರವರಿ 3 ರಂದು ಸಂವಿಧಾನ ನ್ಯಾಯಾಲಯ ಆ ಪದ್ಧತಿ ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು. ಮರುತಿಂಗಳು ಶಾಸನಸಭೆ ಅದನ್ನು ರದ್ದುಮಾಡಿತು. 2008 ರ ಜನವರಿ 1 ರಿಂದ ಒಬ್ಬೊಬ್ಬ ಪ್ರಜೆಗೂ ಅವರವರದೇ ಖಾತೆ ಬಂದಿತು. ಅದೇ 2005 ರ ಜುಲೈಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ವಯಸ್ಸಿಗೆ ಬಂದ ಹೆಣ್ಣುಮಕ್ಕಳೂ ಕುಲದ ಸದಸ್ಯರೇ ಎಂದು ತೀರ್ಪಿತ್ತಿತು. ಯೋಂಗಿನ್ ಲೀ ಕುಲದ ಜಮೀನು ಮಾರಿದ ಹಣದಲ್ಲಿ ಪಾಲು ಸಿಗದ ಹೆಣ್ಣುಮಕ್ಕಳು ಹೂಡಿದ ದಾವೆ ಅದು. ನಮ್ಮ ದೇಶದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 2005 ರ ಸೆಪ್ಟೆಂಬರಿನಲ್ಲಿ. ಕರ್ನಾಟಕ ಅದನ್ನು 1994 ರಲ್ಲಿಯೇ ಮಾಡಿತ್ತೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು. ಎಷ್ಟು ಹೆಣ್ಣುಮಕ್ಕಳ ಕೈಗೆ ಅದು ಬಂದಿದೆ ಎಂಬುದು ಬೇರೆ ಲೇಖನದ ಮಾತು.

ಒಂದೇ ಕುಲನಾಮ, ಒಂದೇ ಮೂಲಸ್ಥಳದವರು ಮದುವೆಯಾಗಬಾರದೆಂಬ ಕಾನೂನೂ ಇತ್ತು, ನಮ್ಮ ಸಗೋತ್ರದ ಕಟ್ಟಳೆಯಂತೆ. ಗಿಮ್‌ಹೇ ಊರಿನ ಕಿಮ್ ಎಂಬ ಒಂದೇ ಕುಲದಲ್ಲಿ 40 ಲಕ್ಷಕ್ಕೂ ಹೆಚ್ಚು ಜನ! ಎರಡು ಸಾವಿರ ವರ್ಷದ ಹಿಂದಿನ ರಾಜನೊಬ್ಬ ಇಬ್ಬರಿಗೂ ಮೂಲಪುರುಷನಂತೆ, ಆದುದರಿಂದ ನೀವಿಬ್ಬರೂ ಅಣ್ಣತಂಗಿಯಂತೆ. ಮದುವೆ ನೋಂದಣಿಯಿಲ್ಲ, ಮಕ್ಕಳಿಗೆ ಕ್ರಮವಾದ ದಾಖಲೆಯಿಲ್ಲ. 1978, 1988, 1996 ರಲ್ಲಿ ಒಂದೊಂದು ವರ್ಷ ಮಾತ್ರ ಬಾಗಿಲು ತೆರೆದು ಇಂಥ ಜೋಡಿಗಳಿಗೆ ನೋಂದಣಿ ಮಾಡಿಕೊಟ್ಟರು. ಹನ್ನೆರಡು ತಿಂಗಳು ಧರ್ಮ ಕಣ್ಣುಮುಚ್ಚಿಕೊಳ್ಳುತ್ತದೆ, ಹದಿಮೂರನೆಯ ತಿಂಗಳು ಮತ್ತೆ ತೆರೆಯುತ್ತದೆ! 1997 ರಲ್ಲಿ ನ್ಯಾಯಾಲಯ ಆ ಕಾನೂನನ್ನೂ ತೆಗೆದುಹಾಕಿತು. ನಮ್ಮಲ್ಲಿ ಸಗೋತ್ರದ ಕಾನೂನು ತೊಡಕು 1946 ರಲ್ಲಿಯೇ ಹೋಯಿತು.

ಕುಟುಂಬದ ಖಾತೆ ಮನುಷ್ಯನ ಮೇಲೆ ನಡೆಸಿದ ಕ್ರೌರ್ಯಗಳಲ್ಲಿ ಎರಡನ್ನು ಹೇಳಲೇಬೇಕು. ಕೊರಿಯಾದಿಂದ ಯುದ್ಧಾನಂತರದ ದಶಕಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳನ್ನು ಪಶ್ಚಿಮ ದೇಶಗಳಿಗೆ ದತ್ತು ಕಳಿಸಿದರು. ಮದುವೆಯಾಗದ ತಾಯಿಗೆ ಯಜಮಾನನಿಲ್ಲ, ಯಜಮಾನನಿಲ್ಲದ ಕೂಸಿಗೆ ಮರ್ಯಾದೆಯ ಖಾತೆಯಿಲ್ಲ. ತಂದೆತಾಯಿಗಳು ಬದುಕಿದ್ದ ಎಷ್ಟೋ ಮಕ್ಕಳಿಗೆ ‘ಅನಾಥ’ನೆಂಬ ಹೊಸ ಖಾತೆ ತೆರೆದು, ಆ ಹಸುಗೂಸನ್ನೇ ಅದರ ಒಂಟಿ ಯಜಮಾನನನ್ನಾಗಿ ಬರೆದು ವಿಮಾನ ಹತ್ತಿಸಿದರು. ಇದರಲ್ಲಿ ಮಾನವ ಹಕ್ಕುಗಳ ಉಲ್ಲಂಘನೆ ನಡೆದಿದೆಯೆಂದು ಅಲ್ಲಿಯ ಸತ್ಯಶೋಧನ ಆಯೋಗ 2025 ರ ಮಾರ್ಚಿಯಲ್ಲಿ ಹೇಳಿತು. ದೊಡ್ಡವರಾದ ಆ ಮಕ್ಕಳು ಇಂದು ಬೇರು ಹುಡುಕಿಕೊಂಡು ಸೋಲ್ ನಗರಕ್ಕೆ ಬಂದರೆ ಕೈಗೆ ಸಿಗುವುದು ಸುಳ್ಳು ಕಾಗದ.

ಎರಡನೆಯದು ರಾಜಕೀಯದ್ದು. ತಂದೆ ಮಾಡಿದ್ದಕ್ಕೆ ಮಗನನ್ನು ಶಿಕ್ಷಿಸುವ ಹಳೆಯ ಪದ್ಧತಿಯನ್ನು 1894 ರಲ್ಲಿ ತೆಗೆದಿದ್ದರು. ಯುದ್ಧಾನಂತರ ಅದು ಪೊಲೀಸರ ಕಡತದಲ್ಲಿ ಮತ್ತೆ ಜೀವ ತಳೆಯಿತು. ಉತ್ತರಕ್ಕೆ ಹೋದವನ ಮಗ, ಎಡಪಂಥೀಯನೆಂದು ಕೊಲ್ಲಲ್ಪಟ್ಟವನ ತಮ್ಮ, ಅಳಿಯ, ಯಾರೇ ಆಗಲಿ ಸರ್ಕಾರಿ ನೌಕರಿಗೆ, ಸೈನಿಕ ಶಾಲೆಗೆ, ವಿದೇಶಪ್ರಯಾಣಕ್ಕೆ ಅರ್ಜಿ ಹಾಕಿದರೆ ಪೂರ್ವಾಪರ ವಿಚಾರಣೆಯ ನೆಪದಲ್ಲಿ ಬಾಗಿಲು ಮುಚ್ಚುತ್ತಿತ್ತು. 1980 ರ ಸಂವಿಧಾನ ಇದನ್ನು ನಿಷೇಧಿಸಿತು. ಉತ್ತರದಲ್ಲಿ ಕ್ರಾಂತಿಯ ಹೆಸರಿನಲ್ಲಿ ನಡೆದದ್ದು ಇನ್ನೂ ಹೀನ: ಅಜ್ಜ ಜಮೀನ್ದಾರನೋ ಕೂಲಿಯೋ ನೋಡಿ ಪ್ರಜೆಗಳನ್ನು ನಿಷ್ಠರು, ಚಂಚಲರು, ವೈರಿಗಳು ಎಂದು ಮೂರು ತೆರನಾಗಿ ವಿಂಗಡಿಸಿ, ಮೊಮ್ಮಗನ ಹಣೆಯ ಮೇಲೆ ಅದನ್ನೇ ಬರೆದರು. ಸಮಾಜವಾದದ ಹೆಸರು ಹೇಳಿ ಜಾತಿಯನ್ನೇ ಸೃಷ್ಟಿಸಿದ ಈ ಪವಾಡವನ್ನು ನಾವು ಖಂಡಿಸದಿದ್ದರೆ ದಕ್ಷಿಣದ ಮೇಲೆ ಬೆರಳು ತೋರಿಸುವ ಹಕ್ಕು ನಮಗಿಲ್ಲ.

ಚೋ ಇನ್-ಹೂನ್ ಅವರು 1960 ರಲ್ಲಿ ಪ್ರಕಟಿಸಿದ ‘ಚೌಕ’ ಎಂಬ ಕಾದಂಬರಿಯ ನಾಯಕನಿಗೆ ದಕ್ಷಿಣದ ಪೊಲೀಸರು ಹೊಡೆಯುವುದು ಅವನ ತಂದೆ ಉತ್ತರದಲ್ಲಿದ್ದಾನೆಂದು. ಉತ್ತರಕ್ಕೆ ಹೋದರೆ ಅಲ್ಲಿಯೂ ಅವನಿಗೆ ಉಸಿರಾಡಲು ಸ್ಥಳವಿಲ್ಲ. ಯುದ್ಧಕೈದಿಯಾಗಿ ಎರಡನ್ನೂ ಬೇಡವೆಂದು ‘ತಟಸ್ಥ ದೇಶ’ ಎನ್ನುತ್ತಾನೆ, ಅವನನ್ನು ಒಯ್ಯುವ ಹಡಗಿನ ಹೆಸರು ‘ಟಾಗೋರ್’, ಹೊರಟದ್ದು ಭಾರತದ ಕಡೆಗೆ, ದಾರಿಯಲ್ಲಿ ಕಾಣೆಯಾಗುತ್ತಾನೆ. ಇದು ಬರಿಯ ಕಲ್ಪನೆಯಲ್ಲ. 1953 ರಲ್ಲಿ ಆ ಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಎರಡು ಕಡೆಗೂ ಹೋಗಲೊಲ್ಲದೆ 1954 ರಲ್ಲಿ ಭಾರತಕ್ಕೆ ಬಂದವರು 88 ಮಂದಿ. ಅವರಲ್ಲಿ 76 ಮಂದಿ ಕೊರಿಯಾದವರು. ತಂದೆತಾಯಿ, ಊರು, ಭಾಷೆ ಎಲ್ಲವನ್ನೂ ಬಿಟ್ಟು ಬಂದ ಆ 76 ಜನ ಕುಟುಂಬದ ಮೇಲೆ ಪ್ರೀತಿಯಿಲ್ಲದ ಸ್ವಾರ್ಥಿಗಳೆಂದು ನಮ್ಮ ಭಜನೆಯವರು ಹೇಳಬಲ್ಲರೇ?

ಇನ್ನು ಕಾರ್ಖಾನೆಗಳ ಏಳಿಗೆಯ ವಿಷಯ. 1970 ರ ದಶಕದಲ್ಲಿ ಹದಿಹರೆಯದ ಹೆಣ್ಣುಮಕ್ಕಳು ಹಳ್ಳಿಯಿಂದ ಬಂದು ಸೋಲಿನ ಗಿರಣಿಗಳಲ್ಲಿ ರಾತ್ರಿಹಗಲು ದುಡಿದು ತಮ್ಮನ ಓದಿಗೆ ಹಣ ಕಳಿಸಿದರು. ಹಿರಿಯ ಮಗಳೆಂದರೆ ಮನೆಯ ಬಂಡವಾಳ ಎಂಬ ಗಾದೆಯೇ ಅಲ್ಲಿದೆ. ಮಾಲಿಕ ತಂದೆಯಂತೆ, ಕೆಲಸಗಾರರು ಮಕ್ಕಳಂತೆ ಎಂದು ಪಾರ್ಕ್ ಚುಂಗ್-ಹೀ ಸರ್ಕಾರ ಬೋಧಿಸಿತು. ತಂದೆಯ ಆಸ್ತಿ ಯಾರಿಗೆ ಹೋಯಿತು? ಸ್ಯಾಮ್‌ಸಂಗ್ ಸಾಮ್ರಾಜ್ಯ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೋಯಿತು. ಮೊಮ್ಮಗ ಲಂಚದ ಪ್ರಕರಣದಲ್ಲಿ ಜೈಲಿಗೆ ಹೋಗಿ 2022 ರಲ್ಲಿ ಕ್ಷಮಾದಾನ ಪಡೆದ. ಗಿರಣಿಯ ‘ಮಗಳ’ ಪಾಲಿಗೆ ಕ್ಷಯ ಬಂದಿತು.

ಅದೇ ಭಾಷೆಯ ಅದೇ ‘ತಾಯಿ’ ಎಂಬ ಮಾತು ಬೇರೆ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೂ ಕೊರಿಯಾದಲ್ಲಿಯೇ ಉದಾಹರಣೆಯಿದೆ. 1970 ರ ನವೆಂಬರ್ 13 ರಂದು ಸೋಲಿನ ಪ್ಯೊಂಗ್‌ಹ್ವಾ ಮಾರುಕಟ್ಟೆಯ ದರ್ಜಿ ಕೆಲಸಗಾರ, 22 ವರ್ಷದ ಜೊನ್ ತೇ-ಇಲ್, ಕಾರ್ಮಿಕ ಕಾನೂನನ್ನು ಪಾಲಿಸಿರೆಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡ. ಅವನ ತಾಯಿ ಯಿ ಸೋ-ಸೊನ್ ಹಣ ಕೊಟ್ಟು ಬಾಯಿಮುಚ್ಚಿಸಲು ಬಂದವರನ್ನು ಹಿಂದಕ್ಕಟ್ಟಿ, ಮಗನ ಬೇಡಿಕೆಗಳನ್ನು ಒಪ್ಪುವವರೆಗೆ ಶವಸಂಸ್ಕಾರಕ್ಕೆ ಒಪ್ಪಲಿಲ್ಲ. ಎರಡೇ ವಾರದಲ್ಲಿ ಅಲ್ಲಿ ಕಾರ್ಮಿಕ ಸಂಘ ಹುಟ್ಟಿತು. ಆಕೆ ಪುನಃಪುನಃ ಸೆರೆಮನೆಗೆ ಹೋದರು. 2011 ರಲ್ಲಿ ತೀರಿಕೊಳ್ಳುವವರೆಗೂ ದೇಶದ ದುಡಿಮೆಗಾರರು ಆಕೆಯನ್ನು ‘ಅಮ್ಮ’ ಎಂದೇ ಕರೆದರು. ‘ಇಂಥವನ ತಾಯಿ’ ಎಂಬ ಪಟ್ಟ ಇಲ್ಲಿ ಒಬ್ಬ ಹೆಂಗಸನ್ನು ಅಡಗಿಸಲಿಲ್ಲ, ಹೊರಗೆ ತಂದಿತು. ಯಾವ ಯಜಮಾನನ ಖಾತೆಯಲ್ಲೂ ಆ ಸಂಬಂಧ ನಮೂದಾಗಿರಲಿಲ್ಲ.

ಖಾತೆ ಹೋಯಿತು, ಈಗ ನೋಡಿ, ಕೊರಿಯಾದ ಹೆಂಗಸರು ಹೆರುವುದನ್ನೇ ಬಿಟ್ಟಿದ್ದಾರೆ ಎಂಬುದು ಪಟ್ಟಭದ್ರರ ಕೊನೆಯ ಬಾಣ. 2023 ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು, ಲೆಕ್ಕ ನಿಜ. ಆದರೆ ಈ ಇಳಿತ 2008 ರಲ್ಲಿ ಆರಂಭವಾದದ್ದಲ್ಲ. ಯಜಮಾನ ಗದ್ದುಗೆಯಲ್ಲಿದ್ದಾಗಲೇ, 1983 ರ ಸುಮಾರಿಗೇ, ಸಂಖ್ಯೆ ಎರಡಕ್ಕಿಂತ ಕೆಳಗಿಳಿದಿತ್ತು. ಅವನ ವೈಭವದ 1990 ರಲ್ಲಿ 100 ಹೆಣ್ಣು ಕೂಸುಗಳಿಗೆ 116 ಗಂಡು ಕೂಸುಗಳು ಹುಟ್ಟಿದವು. ಖಾತೆ ಮುಂದುವರಿಸಲು ಗಂಡೇ ಬೇಕೆಂದು ಹೆಣ್ಣನ್ನು ಗರ್ಭದಲ್ಲಿಯೇ ಮುಗಿಸಿದ ಫಲ ಅದು. ಇಂದು ಆ ಪ್ರಮಾಣ ಪ್ರಕೃತಿಸಹಜವಾದ ಮಟ್ಟಕ್ಕೆ ಬಂದಿದೆ. ಹೆಂಗಸು ಮದುವೆಗೆ ಹಿಂಜರಿಯುವುದು ಕಚೇರಿಯ ದೀರ್ಘ ದುಡಿಮೆಗೂ, ಕೈಗೆಟುಕದ ಮನೆಬೆಲೆಗೂ, ಹಬ್ಬ ಬಂದರೆ ಗಂಡನ ಪಿತೃಗಳಿಗೆ ಎಡೆ ಬೇಯಿಸುತ್ತ ನಿಲ್ಲುವ ಸೊಸೆಯ ಪಾಡಿಗೂ.

ಹಿರಿಯರಿಗೆ ಅಲ್ಲಿ ಎಷ್ಟು ಗೌರವ ಎನ್ನುವವರು ಇದೊಂದನ್ನು ತಿಳಿದುಕೊಳ್ಳಲಿ. ಸಿರಿವಂತ ದೇಶಗಳ ಕೂಟವಾದ ಒ.ಇ.ಸಿ.ಡಿ.ಯಲ್ಲಿ ಮುದುಕರ ಬಡತನ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದದ್ದು ಕೊರಿಯಾದಲ್ಲಿ. 2020 ರಲ್ಲಿ ನೂರಕ್ಕೆ ಸುಮಾರು 40. 2000 ದಲ್ಲಿ ಜಾರಿಗೆ ಬಂದ ಬಡವರ ಜೀವನಭತ್ಯೆಯ ಕಾನೂನಿನಲ್ಲಿ ಒಂದು ಷರತ್ತಿತ್ತು: ಸಂಪಾದಿಸುವ ಮಗನೋ ಮಗಳೋ ಇದ್ದರೆ ಭತ್ಯೆಯಿಲ್ಲ. ಸರ್ಕಾರ ತನ್ನ ಹೊಣೆಯನ್ನು ‘ನಾವು’ ಎಂಬ ಮಾತಿನ ಮೇಲೆ ಹೊರಿಸಿ ಕೈತೊಳೆದುಕೊಂಡಿತು. ಮಗ ಕಾಸು ಕಳಿಸದಿದ್ದರೆ, ಅವನಿಗೂ ತನಗೂ ಸಂಬಂಧ ಕಡಿದುಹೋಗಿದೆಯೆಂದು ಮುದುಕಿ ಕಚೇರಿಯಲ್ಲಿ ರುಜುವಾತು ಮಾಡಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಾರದೆ ಅರ್ಜಿಯನ್ನೇ ಹಾಕದೆ ಹಳೆಯ ರಟ್ಟು, ಕಾಗದ ಆಯ್ದು ಗಾಡಿಯಲ್ಲಿ ತಳ್ಳಿಕೊಂಡು ಹೋಗುವ ಮುದುಕಿಯರು ಸೋಲಿನ ಬೀದಿಗಳಲ್ಲಿ ಕಾಣತೊಡಗಿದರು. 2021 ರ ಅಕ್ಟೋಬರಿನಲ್ಲಿ ಜೀವನಭತ್ಯೆಯ ಮಟ್ಟಿಗೆ ಆ ಷರತ್ತನ್ನು ಬಹುತೇಕ ತೆಗೆದರು. ಔಷಧೋಪಚಾರದ ನೆರವಿಗೆ ಅದನ್ನು ಆಗಲೂ ಉಳಿಸಿಕೊಂಡರು.